ಎಲೆಯ ಹುಳಿ, ಎಲೆಯ ಹಾರ: ದ್ಯುತಿಸಂಶ್ಲೇಷಣೆಯ ಚರಿತ್ರೆಯಲ್ಲಿ ಎರಡು ಅಪವಾದಗಳು

ಸಸ್ಯಗಳು ತಮ್ಮ ಆಹಾರವನ್ನು ಸಿದ್ಧಪಡಿಸಿಕೊಳ್ಳುವ ಬಗೆಯನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಹೇಳಿಕೊಂಡು ಬಂದಿರುವುದು ಬಹುಮಟ್ಟಿಗೆ ಒಂದೇ ಎಲೆಯ ಕಥೆ. ಆ ಎಲೆಯ ಅಡ್ಡಛೇದದ ಚಿತ್ರವನ್ನು ಬಿಡಿಸದೆ ಪ್ರೌಢಶಾಲೆಯನ್ನು ದಾಟಿದವರು ವಿರಳ. ಮೇಲ್ಭಾಗದಲ್ಲಿ ಮೇಣದ ಲೇಪವುಳ್ಳ ಹೊರಪದರ, ಅದರ ಕೆಳಗೆ ಕಂಬಗಳಂತೆ ಒತ್ತೊತ್ತಾಗಿ ನಿಂತ ಹಸಿರು ಜೀವಕೋಶಗಳು, ಅದಕ್ಕೂ ಕೆಳಗೆ ಗಾಳಿಯಾಡಲು ಎಡೆಬಿಟ್ಟ ಸ್ಪಂಜಿನಂಥ ಅಂಗಾಂಶ, ತಳದಲ್ಲಿ ಪತ್ರರಂಧ್ರಗಳು. ಹಗಲಿನಲ್ಲಿ ರಂಧ್ರಗಳು ತೆರೆಯುತ್ತವೆ, ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ಪತ್ರಹರಿತ್ತು ಸೂರ್ಯನ ಬೆಳಕನ್ನು ಹೀರಿಕೊಳ್ಳುತ್ತದೆ, ಸಕ್ಕರೆ ತಯಾರಾಗುತ್ತದೆ, ಆಮ್ಲಜನಕ ಹೊರಹೋಗುತ್ತದೆ. ಈ ಚಿತ್ರ ಸುಳ್ಳಲ್ಲ. ಅವರೆ, ಹುರುಳಿ, ಮಾವು, ದಾಸವಾಳಗಳ ಮಟ್ಟಿಗೆ ಅದು ಸರಿಯಾಗಿಯೇ ಇದೆ. ಆದರೆ ರಾಗಿಯ ಎಲೆ ಹೀಗಿಲ್ಲ. ಜೋಳದ ಎಲೆ, ಸಜ್ಜೆಯ ಎಲೆ, ಕಬ್ಬಿನ ಎಲೆಗಳೂ ಹೀಗಿಲ್ಲ. ಬೇಲಿಯ ಬದಿಯ ಪಾಪಾಸುಕಳ್ಳಿ ಮತ್ತು ಹಿತ್ತಿಲಿನ ಕಾಡುಬಸಳೆಗಳಂತೂ ರಂಧ್ರಗಳನ್ನು ಮುಖ್ಯವಾಗಿ ರಾತ್ರಿಯಲ್ಲಿ ತೆರೆಯುತ್ತವೆ.

ಅಂದರೆ ಬಯಲುಸೀಮೆಯ ಹೊಲದಲ್ಲಿ ನಿಂತ ವಿದ್ಯಾರ್ಥಿಯ ಕಣ್ಣೆದುರಿಗಿರುವ ಬೆಳೆಗಳಲ್ಲಿ ಹಲವು ಅವನ ಪುಸ್ತಕದ ಚಿತ್ರಕ್ಕೆ ಹೊಂದುವುದಿಲ್ಲ. ಈ ಹೊಂದಿಕೆಯಿಲ್ಲದಿರುವಿಕೆಗೆ ಒಂದು ಚರಿತ್ರೆಯಿದೆ. ಎರಡೂ ಅಪವಾದಗಳು ತಡವಾಗಿ ಕಣ್ಣಿಗೆ ಬಿದ್ದಂಥವಲ್ಲ. ಒಂದನ್ನು ಭಾರತದಲ್ಲಿದ್ದ ಒಬ್ಬ ಸಸ್ಯಶಾಸ್ತ್ರಜ್ಞ ತನ್ನ ನಾಲಗೆಯಿಂದ ಗುರುತಿಸಿದ್ದು 1815ರಷ್ಟು ಹಿಂದೆಯೇ ಅಚ್ಚಾಯಿತು. ಇನ್ನೊಂದನ್ನು ಆಸ್ಟ್ರಿಯದ ಅಂಗರಚನಾಶಾಸ್ತ್ರಜ್ಞನೊಬ್ಬ ಸೂಕ್ಷ್ಮದರ್ಶಕದಲ್ಲಿ ಕಂಡು 1880ರ ದಶಕದ ಆರಂಭದಲ್ಲಿ ವಿವರಿಸಿದ. ಮೊದಲನೆಯದರ ಅರ್ಥ ತಿಳಿಯಲು ಸುಮಾರು 140 ವರ್ಷಗಳೂ ಎರಡನೆಯದರ ಅರ್ಥ ತಿಳಿಯಲು ಸುಮಾರು 85 ವರ್ಷಗಳೂ ಹಿಡಿದವು. ವೀಕ್ಷಣೆಯ ಕೊರತೆ ಈ ವಿಳಂಬಕ್ಕೆ ಕಾರಣವಲ್ಲ. ಕಂಡ ಸಂಗತಿಯನ್ನು ಇರಿಸಲು ಆ ಕಾಲದ ಶಾಸ್ತ್ರದಲ್ಲಿ ಸ್ಥಳವಿರಲಿಲ್ಲ ಎಂಬುದೇ ಕಾರಣ ಎಂಬುದು ಪ್ರಸ್ತುತ ಲೇಖನದ ನಿಲುವು.

ಅನಿಲಗಳ ಹಾದಿ

ದ್ಯುತಿಸಂಶ್ಲೇಷಣೆಯ ಆರಂಭದ ಚರಿತ್ರೆ ಚಿರಪರಿಚಿತವಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1771ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಮೋಂಬತ್ತಿ ಉರಿದು ಕೆಟ್ಟಿದ್ದ ಗಾಳಿಯೊಳಗೆ ಪುದೀನದ ಕುಡಿಯೊಂದನ್ನಿಟ್ಟು, ಹತ್ತು ದಿನಗಳ ಬಳಿಕ ಅದೇ ಗಾಳಿಯಲ್ಲಿ ಮೋಂಬತ್ತಿ ಮತ್ತೆ ಉರಿಯುವುದನ್ನು ಕಂಡರು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯರು, ಈ ಕೆಲಸವನ್ನು ಮಾಡುವುದು ಸಸ್ಯದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಕತ್ತಲಲ್ಲಿ ಸಸ್ಯವೂ ಗಾಳಿಯನ್ನು ಕೆಡಿಸುತ್ತದೆ ಎಂದು ತೋರಿಸಿಕೊಟ್ಟರು. 1782ರಲ್ಲಿ ಜಿನೀವದ ಝಾನ್ ಸೆನೆಬಿಯೆ ಇಂಗಾಲದ ಡೈಆಕ್ಸೈಡಿನ ಅಗತ್ಯವನ್ನು ತೋರಿಸಿದರು. ಅದೇ ನಗರದ ನಿಕೊಲಾ ತೆಯೊದೋರ್ ದ ಸೊಸ್ಯೂರ್ 1804ರ ತಮ್ಮ ಗ್ರಂಥದಲ್ಲಿ ತೂಕ ಮತ್ತು ಅಳತೆಗಳ ಆಧಾರದ ಮೇಲೆ, ಗಿಡದ ತೂಕ ಹೆಚ್ಚುವುದಕ್ಕೆ ಇಂಗಾಲವೊಂದೇ ಸಾಲದು, ನೀರೂ ಅದರಲ್ಲಿ ಸೇರುತ್ತದೆ ಎಂಬುದನ್ನು ಸ್ಥಾಪಿಸಿದರು.

ಈ ಇಡೀ ಪರಂಪರೆ ಗಾಜಿನ ಜಾಡಿಯ ಪರಂಪರೆಯೆಂಬುದು ಗಮನಾರ್ಹ. ಗಿಡ ಅಥವಾ ಎಲೆಯನ್ನು ಜಾಡಿಯೊಳಗಿಟ್ಟು, ಜಾಡಿಯ ಗಾಳಿಯಲ್ಲಿ ಆದ ಬದಲಾವಣೆಯನ್ನು ಅಳೆಯುವುದು ಅದರ ಕ್ರಮ. ಎಲೆಯ ಒಳಗೆ ಏನಿದೆ ಎಂಬುದು ಅದಕ್ಕೆ ಬೇಕಾಗಿರಲಿಲ್ಲ. ಎಲೆಯ ಒಳರಚನೆಯನ್ನು ಇಟಲಿಯ ಮಾಲ್ಪಿಘಿ ಮತ್ತು ಇಂಗ್ಲೆಂಡಿನ ನೆಹೆಮಯ ಗ್ರೂ ಇದಕ್ಕೆ ಒಂದು ಶತಮಾನ ಮೊದಲೇ ಮಸೂರದ ಕೆಳಗೆ ನೋಡಿ ಚಿತ್ರಿಸಿದ್ದರು. ಆದರೆ ಆ ಚಿತ್ರಗಳಿಗೂ ಈ ಜಾಡಿಗಳಿಗೂ ಮಾತುಕತೆ ನಡೆಯಲಿಲ್ಲ. ರಸಾಯನಶಾಸ್ತ್ರ ಒಂದು ದಾರಿ ಹಿಡಿಯಿತು, ಅಂಗರಚನಾಶಾಸ್ತ್ರ ಇನ್ನೊಂದು. ಸೊಸ್ಯೂರರ ಗ್ರಂಥದಲ್ಲಿಯೇ ಒಂದು ವಿಚಿತ್ರ ಫಲಿತಾಂಶವಿದೆ. ಪಾಪಾಸುಕಳ್ಳಿಯ ದಪ್ಪ ಹಾಳೆಗಳನ್ನು ಕತ್ತಲಲ್ಲಿಟ್ಟಾಗ ಅವು ಆಮ್ಲಜನಕದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡವು. ಬೇರೆಲ್ಲ ಸಸ್ಯಗಳು ಕತ್ತಲಲ್ಲಿ ಹೊರಬಿಡುವ ಅನಿಲವನ್ನು ಇದು ಒಳಗೆಳೆದುಕೊಳ್ಳುತ್ತಿತ್ತು. ಆಗಿನ ಓದುಗರು ಅದನ್ನು ಕಳ್ಳಿಗಿಡದ ಒಂದು ಚಮತ್ಕಾರವೆಂದು ಓದಿ ಮುಂದಕ್ಕೆ ಹೋದಂತೆ ಕಾಣುತ್ತದೆ.

ಹೈನೆಯವರ ನಾಲಗೆ

ಬೆಂಜಮಿನ್ ಹೈನೆ (1770-1819) ಜರ್ಮನಿಯ ಸ್ಯಾಕ್ಸನಿಯವರು. ಮೊರೇವಿಯನ್ ಪಂಥದ ಮಿಷನರಿಯಾಗಿ ತರಂಗಂಬಾಡಿಗೆ ಬಂದು, ಬಳಿಕ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಿ, ಸಾಮಲಕೋಟದ ತೋಟದಲ್ಲಿ ರಾಕ್ಸ್‌ಬರೊ ಅವರ ಉತ್ತರಾಧಿಕಾರಿಯಾಗಿ ಸಸ್ಯಶಾಸ್ತ್ರಜ್ಞನ ಕೆಲಸ ನಿರ್ವಹಿಸಿದರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ಕಾಲಿನ್ ಮೆಕೆಂಜಿ ಅವರ ನೇತೃತ್ವದಲ್ಲಿ ಮೈಸೂರು ಸೀಮೆಯ ಸಮೀಕ್ಷೆ ಆರಂಭವಾದಾಗ, ವೈದ್ಯರೂ ಪ್ರಕೃತಿಶಾಸ್ತ್ರಜ್ಞರೂ ಆಗಿ ಹೈನೆ ಆ ತಂಡದಲ್ಲಿದ್ದರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಬೆಳೆಸಿದ್ದ ಬೆಂಗಳೂರಿನ ಲಾಲ್‌ಬಾಗ್ ತೋಟವೂ ಕೆಲಕಾಲ ಅವರ ಸುಪರ್ದಿನಲ್ಲಿತ್ತು. ಕಂಪನಿಗೆ ಬೇಕಾಗಿದ್ದುದು ಚೆಲುವಾದ ಅಥವಾ ಅಪರೂಪದ ಗಿಡಗಳಿಗಿಂತ ಹೆಚ್ಚಾಗಿ ಬಳಕೆಗೆ ಬರುವ ಗಿಡಗಳು. ಹೈನೆಯವರಿಗೆ ದೊರೆತ ಆದೇಶಗಳೂ ಅದೇ ದಿಕ್ಕಿನವು. 1814ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಗ್ರಂಥ ದಕ್ಷಿಣ ಭಾರತದ ಗಣಿ, ಬೆಳೆ, ವ್ಯಾಪಾರ ಮತ್ತು ಪ್ರವಾಸಗಳ ವಿವರಗಳಿಂದ ತುಂಬಿದೆ. ಕರ್ನಾಟಕದ ಚರಿತ್ರೆಯನ್ನು ಬರೆಯುವವರು ಅವರನ್ನು ನೆನೆಯುವುದು ಆ ಗ್ರಂಥಕ್ಕಾಗಿ. ಸಸ್ಯ ಶರೀರಕ್ರಿಯಾಶಾಸ್ತ್ರದ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು ಮೂರು ಪುಟಗಳಷ್ಟೇ ಉದ್ದದ ಒಂದು ಪತ್ರದಿಂದ.

ಲಂಡನ್ನಿನ ಲಿನಿಯನ್ ಸೊಸೈಟಿಯ ಉಪಾಧ್ಯಕ್ಷರಾಗಿದ್ದ ಲ್ಯಾಂಬರ್ಟ್ ಅವರನ್ನು ಉದ್ದೇಶಿಸಿ ಬರೆದ ಆ ಪತ್ರವನ್ನು 1813ರಲ್ಲಿ ಸೊಸೈಟಿಯ ಸಭೆಯಲ್ಲಿ ಓದಲಾಯಿತು. 1815ರಲ್ಲಿ ಅದು ಸೊಸೈಟಿಯ ವ್ಯವಹಾರಗಳ 11ನೆಯ ಸಂಪುಟದಲ್ಲಿ ಅಚ್ಚಾಯಿತು. ಅದರ ವಿಷಯ ಆಗ ಕೋಟಿಲೆಡಾನ್ ಕ್ಯಾಲಿಸಿನ ಎಂದು ಕರೆಯಲಾಗುತ್ತಿದ್ದ ಒಂದು ಗಿಡ. ಇಂದಿನ ವರ್ಗೀಕರಣದಲ್ಲಿ ಅದು ಕಲಾಂಕೊ ಪಿನ್ನೇಟ, ಕನ್ನಡಿಗರಿಗೆ ಕಾಡುಬಸಳೆ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯನ್ನು ನೆಲದ ಮೇಲೆ ಹಾಕಿದರೆ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಹೊರಡುತ್ತವೆ. ಮೂತ್ರಕೋಶದ ಕಲ್ಲಿಗೆ ಮದ್ದೆಂದು ಹಿತ್ತಿಲಿನಲ್ಲಿ ನೆಟ್ಟುಕೊಂಡವರೂ ನಮ್ಮಲ್ಲಿ ಉಂಟು. ಹೈನೆ ಬರೆದುದು ಇಷ್ಟು: ಬೆಳಿಗ್ಗೆ ಈ ಎಲೆ ಹುಳಿಸೊಪ್ಪಿನಷ್ಟು, ಬಹುಶಃ ಅದಕ್ಕಿಂತಲೂ ಹೆಚ್ಚು, ಹುಳಿಯಾಗಿರುತ್ತದೆ, ಹೊತ್ತೇರಿದಂತೆ ಹುಳಿ ಇಳಿಯುತ್ತ ಬಂದು ನಡುಹಗಲಿಗೆ ರುಚಿಯೇ ಇಲ್ಲದಂತಾಗುತ್ತದೆ, ಸಂಜೆಯ ಹೊತ್ತಿಗೆ ಸ್ವಲ್ಪ ಕಹಿ.

ಉಪಕರಣವೆಂದರೆ ನಾಲಗೆಯೊಂದೇ. ಔಷಧದ್ರವ್ಯಗಳನ್ನು ರುಚಿಯಿಂದ ಪರೀಕ್ಷಿಸುವುದು ವೈದ್ಯರಾಗಿದ್ದ ಅವರಿಗೆ ಸಹಜವಾಗಿಯೇ ಇದ್ದೀತು. ಆದರೆ ಒಮ್ಮೆ ರುಚಿ ನೋಡಿ ಹುಳಿ ಎಂದು ಬರೆದುಕೊಳ್ಳುವುದು ಬೇರೆ, ಅದೇ ಗಿಡದ ಎಲೆಯನ್ನು ಒಂದೇ ದಿನದ ಬೇರೆಬೇರೆ ಹೊತ್ತಿನಲ್ಲಿ ಅಗಿದು ಹೋಲಿಸುವುದು ಬೇರೆ. ಎಲೆಯ ರುಚಿಗೆ ಒಂದು ದಿನಚರಿ ಇದೆ ಎಂಬುದನ್ನು ಹೈನೆ ಕಂಡುಕೊಂಡರು. ಈ ಪತ್ರದ ಬೆಲೆ ಇರುವುದು ಅಲ್ಲಿ.

ಅವರು ಕೊಟ್ಟ ವಿವರಣೆಯೂ ವಿಚಾರಾರ್ಹವಾದುದು. ಪತ್ರದ ಶೀರ್ಷಿಕೆಯೇ ಎಲೆಗಳು ಆಮ್ಲಜನಕವನ್ನು ಕಳೆದುಕೊಳ್ಳುವ ಕುರಿತಾಗಿದೆ. ಇದರ ಹಿನ್ನೆಲೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳುವುದು ಸುಲಭ; ಏಕೆಂದರೆ ನಮ್ಮ ‘ಆಮ್ಲಜನಕ’ ಎಂಬ ಪದವೇ ಅದನ್ನು ಹೊತ್ತುಕೊಂಡು ನಿಂತಿದೆ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲ ಇದ್ದೇ ಇರುತ್ತದೆ, ಹುಳಿಯನ್ನು ಹುಟ್ಟಿಸುವುದು ಇದೇ ಎಂದು ಭಾವಿಸಿದ ಲಾವೋಸಿಯೆ ಅದಕ್ಕೆ ಗ್ರೀಕ್ ಮೂಲದಿಂದ ಆ ಅರ್ಥದ ಹೆಸರನ್ನೇ ಇಟ್ಟರು. ಆ ಸಿದ್ಧಾಂತ 1810ರ ಸುಮಾರಿಗೆ ಹಂಫ್ರಿ ಡೇವಿಯವರ ಕೆಲಸದಿಂದ ಬಿದ್ದುಹೋಯಿತು. ಹೆಸರು ಮಾತ್ರ ಯೂರೋಪಿನ ಭಾಷೆಗಳಲ್ಲಿ ಉಳಿದು, ಅನುವಾದಗೊಂಡು ನಮ್ಮಲ್ಲಿಗೂ ಬಂದಿತು. ಹೈನೆಯವರ ತರ್ಕ ಆ ಹೆಸರಿನ ಜಾಡಿನಲ್ಲಿಯೇ ಸಾಗುತ್ತದೆ. ರಾತ್ರಿ ಎಲೆ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಹುಳಿಯಾಗುತ್ತದೆ. ಬಿಸಿಲಿನಲ್ಲಿ ಇಂಗೆನ್‌ಹೌಸ್ ತೋರಿಸಿದಂತೆ ಅದನ್ನು ಹೊರಬಿಡುತ್ತದೆ, ಆದ್ದರಿಂದ ಹುಳಿ ಹೋಗುತ್ತದೆ. ತನ್ನ ಕಾಲದ ರಸಾಯನಶಾಸ್ತ್ರದ ಒಳಗೆ ನಿಂತು ನೋಡಿದರೆ ಇದಕ್ಕಿಂತ ಅಚ್ಚುಕಟ್ಟಾದ ವಿವರಣೆ ಸಾಧ್ಯವಿರಲಿಲ್ಲ. ಅದು ತಪ್ಪಾಗಿತ್ತು ಎಂಬುದು ಬೇರೆ ಮಾತು. ಒಂಬತ್ತು ವರ್ಷಗಳ ಹಿಂದೆ ಸೊಸ್ಯೂರ್ ಅಚ್ಚುಮಾಡಿದ್ದ ಪಾಪಾಸುಕಳ್ಳಿಯ ಫಲಿತಾಂಶವನ್ನು ಈ ಹುಳಿಯ ಪಕ್ಕದಲ್ಲಿಟ್ಟು ನೋಡಿದ್ದರೆ, ರಾತ್ರಿ ಹೀರಿದ ಇಂಗಾಲದ ಡೈಆಕ್ಸೈಡೇ ಹುಳಿಯಾಗಿ ಕುಳಿತಿದೆಯೇ ಎಂಬ ಪ್ರಶ್ನೆ ಏಳಬಹುದಾಗಿತ್ತು. ಆ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ.

ಹೈನೆಯವರ ವೀಕ್ಷಣೆ ಮರೆತುಹೋಯಿತೆಂದು ಹೇಳುವುದೂ ಸರಿಯಲ್ಲ. 1840ರಲ್ಲಿ ಪ್ರಕಟವಾದ ಯೂಸ್ಟುಸ್ ಫಾನ್ ಲೀಬಿಗರ ಪ್ರಸಿದ್ಧ ಕೃಷಿ ರಸಾಯನ ಗ್ರಂಥದಲ್ಲಿ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಕಹಿ ಎಂಬ ಈ ಸಂಗತಿ ಬರುತ್ತದೆ. ವಿವರಣೆ ಮಾತ್ರ ಆಮ್ಲಜನಕದ್ದೇ. ಸಂಗತಿ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸಾಗುತ್ತ ಬಂತು, ಅದರ ಜೊತೆಗೆ ತಪ್ಪು ವಿವರಣೆಯೂ ಸಾಗುತ್ತ ಬಂತು. ಸಸ್ಯಗಳಲ್ಲಿ ಮೊದಲು ಆಮ್ಲಗಳು ಉಂಟಾಗಿ ಅವು ಹಂತಹಂತವಾಗಿ ಸಕ್ಕರೆಯಾಗುತ್ತವೆ ಎಂದು ಲೀಬಿಗ್ ಊಹಿಸಿದ್ದರು. ಆದರೆ 1860ರ ದಶಕದಲ್ಲಿ ಯೂಲಿಯುಸ್ ಝಾಕ್ಸ್ ಅಯೊಡಿನ್ ಪರೀಕ್ಷೆಯಿಂದ, ಬೆಳಕು ಬಿದ್ದ ಎಲೆಯ ಹಸಿರು ಕಣಗಳಲ್ಲಿ ಕಣ್ಣಿಗೆ ಕಾಣುವಂತೆ ಉಂಟಾಗುವ ಮೊದಲ ವಸ್ತು ಪಿಷ್ಟವೆಂದು ತೋರಿಸಿದ ಮೇಲೆ ಆಮ್ಲಗಳು ಮುಖ್ಯ ಕಥೆಯಿಂದ ಹೊರಬಿದ್ದವು. 1870ರ ದಶಕದಲ್ಲಿ ಅಡಾಲ್ಫ್ ಮಾಯರ್, ಕಾಡುಬಸಳೆಯಂಥ ಎಲೆಗಳು ಇಂಗಾಲದ ಡೈಆಕ್ಸೈಡ್ ಇಲ್ಲದ ಗಾಳಿಯಲ್ಲಿಯೂ ಬಿಸಿಲಿಗೆ ಆಮ್ಲಜನಕವನ್ನು ಹೊರಬಿಡುವುದನ್ನು ಗಮನಿಸಿದರು. ಒಳಗೆ ಏನೋ ದಾಸ್ತಾನಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ಆದರೂ ಅದು ದಪ್ಪ ಎಲೆಯ ಗಿಡಗಳ ಆಮ್ಲವಿಚಾರವೆಂಬ ಬೇರೆಯೇ ಅಧ್ಯಾಯದಲ್ಲಿ ಉಳಿಯಿತು.

ಉತ್ತರ ದೊರೆತದ್ದು ವಿಕಿರಣಶೀಲ ಇಂಗಾಲ ಕೈಗೆ ಬಂದ ಮೇಲೆ. 1948ರಲ್ಲಿ ಥರ್ಲೊ ಮತ್ತು ಬಾನರ್ ಎಂಬ ಅಮೆರಿಕದ ಸಂಶೋಧಕರು ಇದೇ ಗಿಡದ ಎಲೆಗಳು ಕತ್ತಲಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದನ್ನು ವರದಿ ಮಾಡಿದರು. 1960ರ ಹೊತ್ತಿಗೆ ಮೆರಿಯನ್ ಥಾಮಸ್ ಮತ್ತು ಸ್ಟ್ಯಾನ್ಲಿ ರ‍್ಯಾನ್ಸನ್ ಈ ಇಡೀ ಕ್ರಿಯೆಯನ್ನು ಸಮೀಕ್ಷಿಸಿದಾಗ ಚಿತ್ರದ ಮುಖ್ಯ ರೇಖೆಗಳು ಮೂಡಿದ್ದವು. ರಾತ್ರಿಯಲ್ಲಿ ತೆರೆದ ರಂಧ್ರಗಳಿಂದ ಬಂದ ಅನಿಲ ಮ್ಯಾಲಿಕ್ ಆಮ್ಲವಾಗಿ ಜೀವಕೋಶಗಳ ದೊಡ್ಡ ರಸದಾನಿಗಳಲ್ಲಿ ತುಂಬಿಕೊಳ್ಳುತ್ತದೆ. ಬೆಳಗಾದ ಮೇಲೆ ರಂಧ್ರಗಳು ಮುಚ್ಚುತ್ತವೆ. ಆಮ್ಲ ಒಡೆದು ಬಿಡುಗಡೆಯಾದ ಅನಿಲವನ್ನು ಎಲೆ ಬಾಗಿಲು ಹಾಕಿಕೊಂಡೇ ಸಕ್ಕರೆ ಮಾಡುತ್ತದೆ. ಬಿಸಿಲಿನಲ್ಲಿ ನೀರು ಆವಿಯಾಗಿ ಹೋಗುವುದು ಇದರಿಂದ ತಪ್ಪುತ್ತದೆ. ಎಲೆ ದಪ್ಪವಾಗಿರುವುದೂ ಇದಕ್ಕಾಗಿಯೇ, ಒಂದು ರಾತ್ರಿಯ ಹುಳಿಯನ್ನು ಇಟ್ಟುಕೊಳ್ಳಲು ಪಾತ್ರೆ ಬೇಕು. ಹೂಬಿಡುವ ಸಸ್ಯ ಪ್ರಭೇದಗಳ ಪೈಕಿ ಸುಮಾರು ಶೇ. 6ರಷ್ಟು ಈ ಕ್ರಮವನ್ನು ಅನುಸರಿಸುತ್ತವೆಂದು ಅಂದಾಜಿಸಲಾಗಿದೆ, ಅನಾನಸ್ ಅವುಗಳಲ್ಲೊಂದು.

ಹೈನೆಯವರ ವಿವರಣೆಯ ಇನ್ನರ್ಧವೂ ಅಷ್ಟರಲ್ಲಿ ಬಿದ್ದುಹೋಗಿತ್ತು. ಬಿಸಿಲಿನಲ್ಲಿ ಎಲೆ ಬಿಡುವ ಆಮ್ಲಜನಕ ಆಮ್ಲದಿಂದಾಗಲಿ ಇಂಗಾಲದ ಡೈಆಕ್ಸೈಡಿನಿಂದಾಗಲಿ ಬರುವುದಲ್ಲ, ನೀರಿನಿಂದ ಬರುವುದು ಎಂಬುದಕ್ಕೆ 1941ರಲ್ಲಿ ರೂಬೆನ್, ಕೇಮನ್ ಮತ್ತು ಸಂಗಡಿಗರು ಆಮ್ಲಜನಕದ ಭಾರ ಸಮಸ್ಥಾನಿಯನ್ನು ಬಳಸಿ ಪುರಾವೆ ಒದಗಿಸಿದ್ದರು.

ಹಾಬರ್ಲಾಂಟರ ಹಾರ

ಎರಡನೆಯ ಅಪವಾದದ ಕಥೆ ರುಚಿಯದಲ್ಲ, ರೂಪದ್ದು. ಗೊಟ್‌ಲೀಬ್ ಹಾಬರ್ಲಾಂಟ್ (1854-1945) ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಅಧ್ಯಾಪಕರಾಗಿದ್ದವರು. ಅಂಗರಚನೆಯನ್ನು ಬರಿದೆ ಚಿತ್ರಿಸಿದರೆ ಸಾಲದು, ಪ್ರತಿಯೊಂದು ಅಂಗಾಂಶ ಏನು ಕೆಲಸ ಮಾಡುತ್ತದೆ ಎಂದು ಕೇಳಬೇಕು ಎಂಬ ಪಂಥದ ಮುಂದಾಳುಗಳಲ್ಲಿ ಅವರೊಬ್ಬರು. 1882ರ ಅವರ ಪ್ರಬಂಧ ಮತ್ತು 1884ರ ಗ್ರಂಥಗಳಲ್ಲಿ ಕೆಲವು ಹುಲ್ಲುಗಳ ಮತ್ತು ಜೇಕುಗಳ ಎಲೆಯ ವಿವರಣೆ ಬರುತ್ತದೆ. ಅವುಗಳ ಅಡ್ಡಛೇದದಲ್ಲಿ ಕಂಬದ ಸಾಲೂ ಸ್ಪಂಜಿನ ಪದರವೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಬದಲಿಗೆ ಪ್ರತಿಯೊಂದು ನಾಳಕೂರ್ಚದ ಸುತ್ತಲೂ ದೊಡ್ಡ ಜೀವಕೋಶಗಳ ಒಂದು ಉಂಗುರವಿರುತ್ತದೆ, ಅವುಗಳಲ್ಲಿ ಕ್ಲೋರೋಪ್ಲಾಸ್ಟುಗಳು ಕಿಕ್ಕಿರಿದು ಗಾಢ ಹಸಿರಾಗಿರುತ್ತವೆ. ಆ ಉಂಗುರದ ಹೊರಗೆ ಸಣ್ಣ ಜೀವಕೋಶಗಳು ಕಿರಣಗಳಂತೆ ಹರಡಿ ಎರಡನೆಯ ಸುತ್ತನ್ನು ಕಟ್ಟುತ್ತವೆ. ಹಾಬರ್ಲಾಂಟ್ ಇದನ್ನು ಹಾರ ಅಥವಾ ಮಾಲೆ ಎಂಬ ಅರ್ಥದ ಜರ್ಮನ್ ಪದ ‘ಕ್ರಾಂಟ್ಸ್’ ಎಂದು ಕರೆದರು. ಇಂದಿಗೂ ಅದೇ ಹೆಸರು.

ಹುಲ್ಲುಗಳ ನಾಳಗಳ ಸುತ್ತಲಿನ ಹಸಿರು ಕವಚವನ್ನು ಫ್ರಾನ್ಸಿನ ದ್ಯೂವಾಲ್-ಜೂವ್ 1875ರಲ್ಲಿಯೇ ಗಮನಿಸಿದ್ದರು. ಹಾಬರ್ಲಾಂಟರ ಹೆಚ್ಚುಗಾರಿಕೆ ಎಂದರೆ ಅವರು ಕೇಳಿದ ಪ್ರಶ್ನೆ: ಒಂದೇ ಎಲೆಯಲ್ಲಿ ಎರಡು ಬಗೆಯ ಹಸಿರು ಜೀವಕೋಶಗಳು ಏಕೆ? ಎರಡರ ನಡುವೆ ಇನ್ನೂ ತಿಳಿಯದ ಯಾವುದೋ ಶ್ರಮವಿಭಜನೆ ಇರಬೇಕೆಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಅದನ್ನು ಪರೀಕ್ಷಿಸುವ ಸಾಧನ ಆ ಶತಮಾನದಲ್ಲಿ ಇರಲಿಲ್ಲ. ಅವರ ಗ್ರಂಥ ಹಲವು ಆವೃತ್ತಿಗಳನ್ನು ಕಂಡು, 1914ರಲ್ಲಿ ಇಂಗ್ಲಿಷಿಗೂ ಬಂದು, ಪ್ರಪಂಚದ ಗ್ರಂಥಾಲಯಗಳಲ್ಲೆಲ್ಲ ಕುಳಿತಿತ್ತು. ಹಾರ ಎಂಬುದು ಹುಲ್ಲುಗಳನ್ನು ವರ್ಗೀಕರಿಸುವವರಿಗೆ ಒಂದು ಗುರುತಾಯಿತು.

ಇದೇ ಅವಧಿಯಲ್ಲಿ ಮೂರನೆಯ ದಿಕ್ಕಿನಿಂದಲೂ ಸುಳಿವೊಂದು ಬಂತು. 1910ರ ದಶಕದಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತದ ಒಣ ಬಯಲಿನಲ್ಲಿ ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬವರು, ಒಂದು ಭಾಗ ಒಣ ಪದಾರ್ಥವನ್ನು ಬೆಳೆಯಲು ಯಾವ ಬೆಳೆ ಎಷ್ಟು ಭಾಗ ನೀರನ್ನು ಬಳಸುತ್ತದೆ ಎಂಬುದನ್ನು ಕುಂಡಗಳಲ್ಲಿ ಅಳೆದರು. ಕಿರುಧಾನ್ಯ, ಜೋಳ, ಮೆಕ್ಕೆಜೋಳಗಳಿಗೆ ಸುಮಾರು 300ರಿಂದ 370 ಭಾಗ; ಗೋಧಿಗೆ 500ಕ್ಕೂ ಮಿಕ್ಕಿ; ಕುದುರೆಮೆಂತೆಗೆ 800ಕ್ಕೂ ಮಿಕ್ಕಿ. ಬೆಳೆಗಳು ಎರಡು ಗುಂಪುಗಳಾಗಿ ಒಡೆದು ನಿಂತಿದ್ದವು. ಕಡಿಮೆ ನೀರು ಕೇಳಿದ ಈ ಮೂರೂ ಎಲೆಯಲ್ಲಿ ಹಾರವುಳ್ಳವು. ನೀರನ್ನು ಅಳೆದ ಕೋಷ್ಟಕವನ್ನೂ ಹಾಬರ್ಲಾಂಟರ ಚಿತ್ರವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವುದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. ಮಳೆ ಕೈಕೊಟ್ಟ ವರ್ಷವೂ ರಾಗಿ, ಜೋಳಗಳು ತಾಳಿಕೊಂಡು ನಿಲ್ಲುತ್ತವೆ ಎಂಬುದು ನಮ್ಮ ರೈತರಿಗೆ ಕೋಷ್ಟಕವಿಲ್ಲದೆ ತಿಳಿದಿತ್ತು. ಅದರ ಕಾರಣ ಎಲೆಯ ಒಳಗಿದೆ ಎಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ.

ಸಕ್ಕರೆ ಸಂಸ್ಥೆಗಳ ಪ್ರಯೋಗಾಲಯಗಳು

1940ರಲ್ಲಿ ರೂಬೆನ್ ಮತ್ತು ಕೇಮನ್ ಇಂಗಾಲ-14ನ್ನು ಕಂಡುಹಿಡಿದರು. 1940ರ ದಶಕದ ಉತ್ತರಾರ್ಧದಿಂದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬ್ಯಾಶಮ್ ಮತ್ತು ಸಂಗಡಿಗರು ಈ ಗುರುತಿನ ಇಂಗಾಲವನ್ನು ಹಿಂಬಾಲಿಸಿ, ಅದು ಮೊದಲು ಮೂರು ಇಂಗಾಲದ ಪರಮಾಣುಗಳುಳ್ಳ ಒಂದು ಸಂಯುಕ್ತದಲ್ಲಿ ಕಾಣಿಸಿಕೊಳ್ಳುವುದನ್ನೂ ಅಲ್ಲಿಂದ ಸಕ್ಕರೆಯಾಗುವ ಚಕ್ರವನ್ನೂ ಬಿಡಿಸಿಟ್ಟರು. 1961ರ ನೊಬೆಲ್ ಪಾರಿತೋಷಕ ಕ್ಯಾಲ್ವಿನ್ ಒಬ್ಬರಿಗೇ ಸಂದಿತು. ಆ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಕ್ಲೋರೆಲ್ಲ, ಸಿನೆಡೆಸ್ಮಸ್ ಎಂಬ ಒಂಟಿಕೋಶದ ಪಾಚಿಗಳ ಮೇಲೆ. ಜಾಡಿಯ ಪರಂಪರೆ ಇಲ್ಲಿ ತನ್ನ ತುದಿಯನ್ನು ಮುಟ್ಟಿತು ಎನ್ನಬಹುದು, ಏಕೆಂದರೆ ಈಗ ಜಾಡಿಯೊಳಗೆ ಎಲೆಯೇ ಇರಲಿಲ್ಲ. ಎಲೆಯಿಲ್ಲದ ಮೇಲೆ ಎಲೆಯ ರಚನೆಯ ಪ್ರಶ್ನೆ ಏಳುವ ಸಂಭವವೂ ಇರಲಿಲ್ಲ.

ಎಲೆ ಮತ್ತೆ ಜಾಡಿಗೆ ಬಂದದ್ದು ವಾಣಿಜ್ಯದ ಕಾರಣದಿಂದ. ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಹ್ಯೂಗೊ ಕೋರ್ಟ್‌ಶಾಕ್, ಕಾನ್‌ಸ್ಟೆನ್ಸ್ ಹಾರ್ಟ್ ಮತ್ತು ಜಾರ್ಜ್ ಬರ್ ಅವರು ಕಬ್ಬಿನ ಎಲೆಗೆ ಗುರುತಿನ ಇಂಗಾಲವನ್ನು ಉಣಿಸಿದಾಗ, ಅದು ಕ್ಯಾಲ್ವಿನ್ ಹೇಳಿದ ಮೂರು ಇಂಗಾಲದ ಸಂಯುಕ್ತಕ್ಕಿಂತ ಮೊದಲು ಮ್ಯಾಲಿಕ್ ಮತ್ತು ಅಸ್ಪಾರ್ಟಿಕ್ ಆಮ್ಲಗಳಲ್ಲಿ ಕಾಣಿಸಿತು. ಎರಡರಲ್ಲಿಯೂ ನಾಲ್ಕು ಇಂಗಾಲದ ಪರಮಾಣುಗಳು. 1950ರ ದಶಕದ ನಡುವಿನಿಂದಲೇ ಇದು ಸಂಘದ ವಾರ್ಷಿಕ ವರದಿಗಳಲ್ಲಿ ಸೂಚಿತವಾಗಿತ್ತು. ಪೂರ್ಣ ಪ್ರಬಂಧ ಬಂದದ್ದು 1965ರಲ್ಲಿ. ಸುಮಾರು ಹತ್ತು ವರ್ಷ. ಒಪ್ಪಿತವಾದ ಚಕ್ರಕ್ಕೆ ಹೊಂದದ ಫಲಿತಾಂಶವನ್ನು ಕಂಡವರು ಮೊದಲು ತಮ್ಮ ಪ್ರಯೋಗವನ್ನೇ ಶಂಕಿಸುವುದು ಸ್ವಾಭಾವಿಕ. ಈ ನಡುವೆ 1960ರಲ್ಲಿ ಸೋವಿಯತ್ ಒಕ್ಕೂಟದ ಕಜಾನ್ ನಗರದ ಯೂರಿ ಕಾರ್ಪಿಲೊವ್ ಮೆಕ್ಕೆಜೋಳದ ಎಲೆಯಲ್ಲಿ ಇದೇ ಬಗೆಯ ಫಲಿತಾಂಶವನ್ನು ಪ್ರಕಟಿಸಿದ್ದರು. ರಷ್ಯನ್ ಭಾಷೆಯಲ್ಲಿ, ಒಂದು ಕೃಷಿ ವಿದ್ಯಾಸಂಸ್ಥೆಯ ಪ್ರಕಟಣೆಯಲ್ಲಿ ಬಂದ ಆ ಲೇಖನವನ್ನು ಹೊರಗಿನವರು ಓದಿದ್ದು ಬಹಳ ತಡವಾಗಿ. ಪ್ರಾದೇಶಿಕ ಭಾಷೆಯ ಸಂಶೋಧನ ಸಂಪುಟಗಳಿಗೆ ಬರೆಯುವ ನಮಗೆ ಈ ಸಂಗತಿ ತೀರ ಅಪರಿಚಿತವೇನಲ್ಲ.

ಹವಾಯಿಯ ಫಲಿತಾಂಶವನ್ನು ಕೈಗೆತ್ತಿಕೊಂಡವರು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಇನ್ನೊಂದು ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲಿದ್ದ ಹಾಲ್ ಹ್ಯಾಚ್ ಮತ್ತು ರಾಜರ್ ಸ್ಲ್ಯಾಕ್. 1966ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕಬ್ಬಿನ ಎಲೆಯಲ್ಲಿ ಬೇರೆಯದೇ ಮಾರ್ಗವಿದೆಯೆಂದು ನಿಸ್ಸಂದಿಗ್ಧವಾಗಿ ಸಾರಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ರಸಾಯನಶಾಸ್ತ್ರವನ್ನೂ ಅಂಗರಚನೆಯನ್ನೂ ಬೆಸೆದರು. ಹೊರಸುತ್ತಿನ ಸಣ್ಣ ಜೀವಕೋಶಗಳು ಗಾಳಿಯ ಅನಿಲವನ್ನು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು ಒಳಗಿನ ಹಾರದ ಜೀವಕೋಶಗಳಿಗೆ ದಾಟಿಸುತ್ತವೆ. ಅಲ್ಲಿ ಆಮ್ಲ ಒಡೆದು ಅನಿಲ ಬಿಡುಗಡೆಯಾಗುತ್ತದೆ. ಕ್ಯಾಲ್ವಿನ್ ಚಕ್ರ ನಡೆಯುವುದು ಆ ಹಾರದೊಳಗೆ. ಶ್ರಮವಿಭಜನೆ ಎಂದು ಹಾಬರ್ಲಾಂಟ್ ಊಹಿಸಿದ್ದುದು ಇದು.

ಇಷ್ಟು ಸುತ್ತುದಾರಿ ಏಕೆ ಎಂಬುದಕ್ಕೂ ಉತ್ತರ ಹೊರಬಂತು. ಕ್ಯಾಲ್ವಿನ್ ಚಕ್ರದಲ್ಲಿ ಅನಿಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವಕ್ಕೆ ಇಂಗಾಲದ ಡೈಆಕ್ಸೈಡ್ ಯಾವುದು, ಆಮ್ಲಜನಕ ಯಾವುದು ಎಂಬ ವಿವೇಚನೆ ಸಾಲದು. ಅದು ಆಮ್ಲಜನಕವನ್ನೂ ಹಿಡಿಯುತ್ತದೆಂಬುದನ್ನು 1971ರಲ್ಲಿ ಬೋವ್ಸ್, ಆಗ್ರೆನ್ ಮತ್ತು ಹೇಗ್‌ಮನ್ ತೋರಿಸಿದರು. ಹಾಗೆ ಹಿಡಿದಾಗಲೆಲ್ಲ ಮಾಡಿದ ಕೆಲಸದ ಒಂದು ಪಾಲು ನಷ್ಟ. ಸೆಖೆ ಹೆಚ್ಚಿದಂತೆ ನಷ್ಟವೂ ಹೆಚ್ಚು. ಹಾರವುಳ್ಳ ಎಲೆ ಇಂಗಾಲದ ಡೈಆಕ್ಸೈಡನ್ನು ಒಳಗಿನ ಜೀವಕೋಶಗಳಲ್ಲಿ ಒತ್ತಿ ತುಂಬುವುದರಿಂದ ಕಿಣ್ವ ತಪ್ಪುವ ಅವಕಾಶ ಕಡಿಮೆಯಾಗುತ್ತದೆ. ರಂಧ್ರಗಳನ್ನು ಅಷ್ಟಾಗಿ ತೆರೆಯಬೇಕಿಲ್ಲವಾದ್ದರಿಂದ ನೀರೂ ಉಳಿಯುತ್ತದೆ. ಬ್ರಿಗ್ಸ್ ಮತ್ತು ಶಾಂಟ್ಸ್ ಅವರ ಕೋಷ್ಟಕ ಕೊನೆಗೂ ಅರ್ಥವಾಯಿತು. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಬರಗು, ಹಾರಕ ಇವೆಲ್ಲವೂ ಈ ಗುಂಪಿನವು. ಹುಲ್ಲಿನ ಜಾತಿಗೆ ಸೇರದ ದಂಟಿನ ಸೊಪ್ಪು ಕೂಡ. ಭತ್ತ ಮತ್ತು ಗೋಧಿ ಹೊರಗುಳಿಯುತ್ತವೆ. ಸಸ್ಯ ಪ್ರಭೇದಗಳ ಸುಮಾರು ಶೇ. 3 ಮಾತ್ರ ಈ ಕ್ರಮದವಾದರೂ ನೆಲದ ಮೇಲಿನ ದ್ಯುತಿಸಂಶ್ಲೇಷಣೆಯ ಹೆಚ್ಚುಕಡಿಮೆ ಕಾಲುಭಾಗ ಅವುಗಳದೇ. ಅದು ಬೇರೆಬೇರೆ ವಂಶಗಳಲ್ಲಿ 60ಕ್ಕೂ ಹೆಚ್ಚು ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿದೆ ಎಂಬುದು ಈಗಿನ ತಿಳಿವಳಿಕೆ. ಹೀಗಿರುವಾಗ ‘ಅಪವಾದ’ ಎಂಬ ನಮ್ಮ ಶೀರ್ಷಿಕೆಯ ಪದವನ್ನೇ ಮತ್ತೆ ಯೋಚಿಸಬೇಕಾಗುತ್ತದೆ. ತಂಪು ಸೀಮೆಯ ಗಿಡವನ್ನೂ ಪಾಚಿಯನ್ನೂ ಮಾದರಿಯಾಗಿ ಹಿಡಿದವರಿಗೆ ಇವು ಅಪವಾದಗಳು. ರಾಗಿಯ ಹೊಲದಿಂದ ಆರಂಭಿಸಿದ್ದರೆ ಅವರೆಯ ಎಲೆಯೇ ಅಪವಾದವಾಗಿ ಕಾಣುತ್ತಿತ್ತೇನೋ.

ಎರಡು ಅಪವಾದಗಳ ನಂಟು ಹೊರಬಿದ್ದುದು ಇದೇ ಹಂತದಲ್ಲಿ. ಕಬ್ಬಿನ ಹೊರಸುತ್ತಿನ ಜೀವಕೋಶದಲ್ಲಿ ಅನಿಲವನ್ನು ಹಿಡಿಯುವ ಕಿಣ್ವ ಮತ್ತು ಕಾಡುಬಸಳೆಯಲ್ಲಿ ರಾತ್ರಿ ಅನಿಲವನ್ನು ಹಿಡಿಯುವ ಕಿಣ್ವ ಒಂದೇ ಬಗೆಯದು. 1953ರಲ್ಲಿ ಪಾಲಕ್ ಸೊಪ್ಪಿನಲ್ಲಿ ಬ್ಯಾಂಡುರ್ಸ್ಕಿ ಮತ್ತು ಗ್ರೈನರ್ ಮೊದಲಿಗೆ ಗುರುತಿಸಿದ್ದು ಅದನ್ನೇ. ಕಬ್ಬಿನಲ್ಲಿ ಹಾರದೊಳಕ್ಕೆ ಹೋಗುವ ಮ್ಯಾಲಿಕ್ ಆಮ್ಲವೂ ಹೈನೆಯವರ ನಾಲಗೆಗೆ ತಾಗಿದ ಹುಳಿಯೂ ಒಂದೇ. ಎರಡೂ ಎಲೆಗಳು ಅನಿಲವನ್ನು ಹಿಡಿಯುವ ಕೆಲಸವನ್ನು ಸಕ್ಕರೆ ಮಾಡುವ ಕೆಲಸದಿಂದ ಬೇರ್ಪಡಿಸಿವೆ. ಕಬ್ಬು ಸ್ಥಳದಲ್ಲಿ ಬೇರ್ಪಡಿಸಿತು, ಕಾಡುಬಸಳೆ ಹೊತ್ತಿನಲ್ಲಿ.

ಹಾರವಿಲ್ಲದ ಎಲೆ

ಈ ಚರಿತ್ರೆಯಲ್ಲಿ ಇನ್ನೊಂದು ಹೆಸರನ್ನು ಸೇರಿಸದೆ ಮುಗಿಸಲಾಗದು. 1924ರಲ್ಲಿ ಜಗದೀಶಚಂದ್ರ ಬೋಸರು ದ್ಯುತಿಸಂಶ್ಲೇಷಣೆಯನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರ ಪ್ರಯೋಗದ ಗಿಡ ಹೈಡ್ರಿಲ. ನಮ್ಮ ಕೆರೆಗಳ ನೀರಿನಡಿ ಹಬ್ಬುವ, ಶಾಲೆಗಳಲ್ಲಿ ಗಾಜಿನ ಆಲಿಕೆಯ ಕೆಳಗಿಟ್ಟು ಗುಳ್ಳೆ ಎಣಿಸುವ ಅದೇ ಗಿಡ. ಗುಳ್ಳೆಗಳನ್ನು ತಾನಾಗಿಯೇ ದಾಖಲಿಸುವ ಉಪಕರಣವನ್ನು ರೂಪಿಸಿದ ಬೋಸರು, ಬೇಸಿಗೆಯ ಹೈಡ್ರಿಲ ಚಳಿಗಾಲದ ಹೈಡ್ರಿಲದಂತೆ ವರ್ತಿಸುವುದಿಲ್ಲ, ಬೇಸಿಗೆಯ ಗಿಡದಲ್ಲಿ ಮ್ಯಾಲಿಕ್ ಆಮ್ಲವಿದೆ, ಇಂಗಾಲದ ಡೈಆಕ್ಸೈಡಿನ ಬದಲಿಗೆ ಗಿಡ ಅದನ್ನು ಬಳಸಿಕೊಳ್ಳಬಲ್ಲುದು ಎಂದು ಬರೆದರು. ಸಸ್ಯಗಳ ಸಂವೇದನೆಯನ್ನು ಕುರಿತ ಅವರ ವಿವಾದಾಸ್ಪದ ಬರೆಹಗಳ ನೆರಳಿನಲ್ಲಿ ಈ ಮಾತು ಮುಚ್ಚಿಹೋಯಿತು. 1980ರ ದಶಕದಲ್ಲಿ, ಹೈಡ್ರಿಲ ಕಳೆಯಾಗಿ ಹಬ್ಬಿದ್ದ ಅಮೆರಿಕದ ಫ್ಲಾರಿಡದಲ್ಲಿ, ಜಾರ್ಜ್ ಬೋವ್ಸ್ ಮತ್ತು ಸಂಗಡಿಗರು ಸೆಖೆಯ ಕಾಲದಲ್ಲಿ ಈ ಗಿಡ ನಾಲ್ಕು ಇಂಗಾಲದ ಆಮ್ಲದ ಮಾರ್ಗಕ್ಕೆ ಹೊರಳುವುದನ್ನು ಕಂಡರು. ಅದರ ಎಲೆ ಕೇವಲ ಎರಡು ಪದರ ದಪ್ಪ. ಹಾರವಿಲ್ಲ, ಹಿಡಿಯುವುದೂ ಬಿಡುವುದೂ ಒಂದೇ ಜೀವಕೋಶದೊಳಗೆ ನಡೆಯುತ್ತದೆ. ಹಾಬರ್ಲಾಂಟರ ಹಾರ ಈ ಕ್ರಮಕ್ಕೆ ಅನಿವಾರ್ಯವೆಂದು 1970ರ ದಶಕದಲ್ಲಿ ನೆಲೆಗೊಂಡಿದ್ದ ನಿಯಮಕ್ಕೂ ಹೀಗೆ ಒಂದು ಅಪವಾದ ಸಿಕ್ಕಿತು. 2008ರಿಂದ ಭತ್ತಕ್ಕೆ ನಾಲ್ಕು ಇಂಗಾಲದ ಮಾರ್ಗವನ್ನು ಅಳವಡಿಸುವ ಅಂತರರಾಷ್ಟ್ರೀಯ ಪ್ರಯತ್ನ ನಡೆದಿದೆ. ಹಾರದ ರಚನೆಯನ್ನು ಭತ್ತದ ಎಲೆಯಲ್ಲಿ ಮೂಡಿಸುವುದೇ ಅಲ್ಲಿನ ಕಠಿಣ ಸಮಸ್ಯೆಗಳಲ್ಲೊಂದಾಗಿರುವುದರಿಂದ ಒಂಟಿಕೋಶದ ಈ ಉದಾಹರಣೆಗಳತ್ತಲೂ ಸಂಶೋಧಕರ ಗಮನ ಹರಿದಿದೆ.

ಹೈನೆ 1819ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡರು. ಇಂದು ಯಾವುದಾದರೂ ಗಿಡ ರಾತ್ರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ಜಾತಿಯದೇ ಎಂಬುದನ್ನು ಪರೀಕ್ಷಿಸುವ ಸಂಶೋಧಕರು ಅದರ ಎಲೆಗಳನ್ನು ದಿನಕ್ಕೆ ಎರಡು ಬಾರಿ, ಸೂರ್ಯೋದಯಕ್ಕೆ ಮುಂಚೆ ಒಮ್ಮೆ, ಸೂರ್ಯಾಸ್ತಕ್ಕೆ ಮುಂಚೆ ಒಮ್ಮೆ ಕೀಳುತ್ತಾರೆ. ಎರಡನ್ನೂ ಅರೆದು, ರಸದ ಹುಳಿಯನ್ನು ಕ್ಷಾರದ ದ್ರಾವಣದಿಂದ ಅಳೆದು, ಬೆಳಗಿನ ಅಳತೆಯಿಂದ ಸಂಜೆಯ ಅಳತೆಯನ್ನು ಕಳೆಯುತ್ತಾರೆ.